ಕಿಕ್ ಟ್ರಿಗರಿನ ದುರಸ್ತಿ

ತಮಟೆಯ ನಾದ ಕುಗ್ಗಿದರೆ ಹಾರನಹಳ್ಳಿಯ ಸೀಮೆಯಲ್ಲಿ ಅದನ್ನು ಬೆಂಕಿಗೆ ಕಾಯಿಸಿ ಚರ್ಮವನ್ನು ಬಿಗಿಗೊಳಿಸುವರು, ಬಿಸಾಡುವುದಿಲ್ಲ. ವಿದ್ಯುನ್ಮಾನ ಡ್ರಮ್ಮಿನ ಕಿಕ್ ಟ್ರಿಗರ್ ಮೂಕವಾದಾಗಲೂ ಪರೀಕ್ಷೆಯೇ ಮೊದಲಾಗತಕ್ಕದ್ದೆಂದು ನಾವು ಭಾವಿಸುತ್ತೇವೆ.

ಕಾಲಿನ ಪೆಟ್ಟನ್ನು ವಿದ್ಯುತ್ಸಂಕೇತವಾಗಿಸುವುದು ಸಾಮಾನ್ಯವಾಗಿ ಅದರೊಳಗಿನ ಪೀಜೋ ಬಿಲ್ಲೆ. ಒತ್ತಡದಿಂದ ಹರಳುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು 1880ರಲ್ಲಿ ಕ್ಯೂರಿ ಸಹೋದರರು ತೋರಿಸಿದರು.

ಮೊದಲು ಕೇಬಲನ್ನು ಬದಲಿಸಿ ನೋಡಬೇಕು. ಬಳಿಕ ಎ.ಸಿ. ವೋಲ್ಟಿಗಿಟ್ಟ ಮಲ್ಟಿಮೀಟರಿನ ಕಡ್ಡಿಗಳನ್ನು ಬಿಲ್ಲೆಯ ಹಿತ್ತಾಳೆಗೂ ಬೆಳ್ಳಿಲೇಪಕ್ಕೂ ತಗುಲಿಸಿ ಮೆಲ್ಲನೆ ತಟ್ಟಬೇಕು. ಅಂಕಿ ಕದಲಿದರೆ ಬಿಲ್ಲೆ ಸಜೀವ. ದೋಷವು ತಂತಿಯಲ್ಲೋ ಜಾಕಿನಲ್ಲೋ ಇರುವುದು.

ಕಳಚಿದ ತಂತಿಯನ್ನು ಮರಳಿ ಬೆಸೆಯಬಹುದು. ಆದರೆ ತಮಟೆಗೆ ಹಿತವಾದ ಶಾಖ ಇಲ್ಲಿ ಅಹಿತ: ಕಾವು ಮಿತಿಮೀರಿದರೆ ಬಿಲ್ಲೆಯ ಗುಣವೇ ನಾಶವಾಗುವುದು. ಬಿಲ್ಲೆ ಬಿರಿದಿದ್ದರೆ ಅದೇ ವ್ಯಾಸದ ಹೊಸದನ್ನು ಕೂಡಿಸತಕ್ಕದ್ದು. ಇಡೀ ಉಪಕರಣವನ್ನು ಕೊಳ್ಳಬೇಕಾಗಿಲ್ಲ.