ಕರೆಂಟ್ ಕೊಟ್ಟಾಗ ನೀರು ಕಪ್ಪಾದರೆ ಅದರಲ್ಲಿ ಸೀಸವಿದೆ ಎಂದರ್ಥವೇ?

ಬೋರ್‌ವೆಲ್ ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟ್ ಕೊಡುತ್ತಾರೆ, ನೀರು ಕಪ್ಪಾಗುತ್ತದೆ. ‘ಇದೇ ಸೀಸ, ಆರ್ಸೆನಿಕ್’ ಎನ್ನುವ ಈ ವಿಡಿಯೋ ನಿಮಗೂ ಬಂದಿರಬಹುದು. ಆನಗೋಡಿನಂಥ ಊರಿನಲ್ಲಿ ಬೋರ್‌ವೆಲ್ ನೀರು ಕುಡಿಯುವವರಿಗೆ ಭಯವಾಗುವುದು ಸಹಜ. ಆದರೆ ಆ ಬಣ್ಣ ಕರಗಿದ ಕಬ್ಬಿಣದ ಕಡ್ಡಿಯದು. ಆರ್‌ಒ ನೀರಿಗೆ ಚಿಟಿಕೆ ಉಪ್ಪು ಹಾಕಿದರೆ ಅದೂ ಹಾಗೇ ಆಗುತ್ತದೆ!

ಟಿಡಿಎಸ್ ಮೀಟರ್? ಅದು ನೀರಿನ ವಿದ್ಯುತ್ ವಾಹಕತೆ ನೋಡಿ ಒಟ್ಟು ಲವಣಗಳನ್ನು ಅಂದಾಜಿಸುತ್ತದೆ, ಅಷ್ಟೇ. ಐಎಸ್ 10500 ಮಾನದಂಡದಂತೆ ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್ ಇದ್ದರೂ ಸರಿ, ಸೀಸ ಮಾತ್ರ 0.01 ಮಿಲಿಗ್ರಾಂ ಮೀರಬಾರದು. ಅದರ ಹತ್ತು ಪಟ್ಟು ಸೀಸವಿದ್ದರೂ ಮೀಟರಿನ ಅಂಕಿ ಅಲುಗದು.

ಲ್ಯಾಬಿನ ಕೆಲವು ಯಂತ್ರಗಳಿಗೂ ಇಷ್ಟು ಅಲ್ಪ ಲೋಹ ಹಿಡಿಯುವುದು ಕಷ್ಟ. ಅದಕ್ಕೊಂದು ದಾರಿ ಮೈಕ್ರೋಎಕ್ಸ್‌ಟ್ರಾಕ್ಷನ್. ಲೋಹಕ್ಕೆ ಅಂಟಿಕೊಳ್ಳುವ ರಾಸಾಯನಿಕ ಬೆರೆಸಿ, ನೀರಿನಲ್ಲಿ ಬೆರೆಯದ ದ್ರಾವಕದ ಕೆಲವೇ ಹನಿಗಳಿಗೆ ಅದನ್ನು ಎಳೆದುಕೊಳ್ಳುತ್ತಾರೆ. ಇಡೀ ಸ್ಯಾಂಪಲ್‌ನ ಲೋಹ ಹನಿಯೊಳಗೆ ಸೇರಿದ್ದರಿಂದ ಯಂತ್ರಕ್ಕೆ ಅದು ಸುಲಭವಾಗಿ ಸಿಗುತ್ತದೆ. ಸ್ವಯಂಚಾಲಿತ ವಿಧಾನದಲ್ಲಿ ಸಿರಿಂಜ್ ಪಂಪೇ ಹನಿ ಅಳೆದು ಬೆರೆಸುವುದರಿಂದ ಕೈತಪ್ಪೂ ಕಡಿಮೆ.

ಅನುಮಾನವಿದ್ದರೆ ದಾವಣಗೆರೆಯ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ವಿಚಾರಿಸಿ. ಸೀಸದ ಪರೀಕ್ಷೆ ಮಾಡುತ್ತಾರೆಯೇ ಎಂದು ಹೆಸರಿಟ್ಟೇ ಕೇಳಿ. ಅಂದಹಾಗೆ, ನೀರು ಕುದಿಸಿದರೆ ಸೀಸ ಹೋಗುವುದಿಲ್ಲ.