ತಾನಾಗಿಯೇ ಆರಿ ಹೊತ್ತುವ ಗಣಕಯಂತ್ರ

ಕೊಡಗಿನಲ್ಲಿ ಮುಂಗಾರಿನ ಮಳೆ ಎಡೆಬಿಡದೆ ಸುರಿಯುವ ಕಾಲದಲ್ಲಿ, ವಿಶೇಷವಾಗಿ ಕಕ್ಕಡ ಮಾಸದಲ್ಲಿ, ಭಾಗಮಂಡಲ, ನಾಪೋಕ್ಲು ಮೊದಲಾದ ಎಡೆಗಳ ಮನೆಗಳಲ್ಲಿಯೂ ಕಾಫಿ ತೋಟದ ರೈಟರುಗಳ ಕೊಠಡಿಗಳಲ್ಲಿಯೂ ಕೂಲಿಯ ಪಟ್ಟಿ ಅರ್ಧ ಬರೆದಿರುವಂತೆಯೇ ಗಣಕಯಂತ್ರವು ಥಟ್ಟನೆ ಆರಿ, ಯಾರೂ ಮುಟ್ಟದೆಯೇ ಮತ್ತೆ ಪ್ರಾರಂಭವಾಗುವುದುಂಟು. ಇದನ್ನು ವೈರಸ್ಸಿನ ಉಪದ್ರವವೆಂದು ಭಾವಿಸಿ ವಿಂಡೋಸನ್ನು ಹೊಸದಾಗಿ ಹಾಕಿಸುವವರು ಹಲವರು. ಹಣವೂ ಹೋಗಿ, ಕಡತಗಳೂ ಅಳಿದು, ಮರುವಾರವೇ ಯಂತ್ರ ಹಳೆಯ ಹಾದಿಯನ್ನೇ ಹಿಡಿಯುವುದು. ಈ ನಾಡಿನಲ್ಲಿ ಮೊತ್ತಮೊದಲು ಸಂದೇಹಿಸಬೇಕಾದುದು ಗೋಡೆಯ ಸಾಕೆಟ್ಟಿಗೆ ಬರುವ ಕರೆಂಟನ್ನೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಡಿನ ಅಂಚಿನಲ್ಲಿಯೂ ಸಿಲ್ವರ್ ಓಕ್ ಮರಗಳ ನಡುವೆಯೂ ಬಹುದೂರ ಸಾಗಿಬರುವ ತಂತಿಗೆ ಗಾಳಿಯಲ್ಲಿ ಒಂದು ಕೊಂಬೆ ತಗುಲಿದರೆ ಸಾಕು, ವೋಲ್ಟೇಜ್ ಕ್ಷಣಕಾಲ ಕುಸಿಯುವುದು. ಬೇಸಗೆಯಲ್ಲಿ ರೊಬಸ್ಟಾ ಹೂವಿಗಾಗಿ ಸ್ಪ್ರಿಂಕ್ಲರಿನ ಮೋಟಾರು ಹೊರಟಾಗಲೂ ಇದೇ ಪಾಡು. ಯಂತ್ರದ ಪೆಟ್ಟಿಗೆಯೊಳಗಿನ ಎಸ್‌ಎಂಪಿಎಸ್ ಎಂಬ ಭಾಗವು 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಹಂಚುವುದಲ್ಲದೆ, ಸರಬರಾಜು ಕ್ರಮವಾಗಿದೆಯೆಂಬ ಸಂಕೇತವೊಂದನ್ನು ಮದರ್‌ಬೋರ್ಡಿಗೆ ಸದಾ ಕಳುಹಿಸುತ್ತಿರುವುದು. ಆ ಸಂಕೇತ ಕಡಿದೊಡನೆ ಯಂತ್ರವು ನಿಂತು, ವಿದ್ಯುತ್ತು ಸರಿಹೋದಾಗ ಮೊದಲಿನಿಂದ ಹೊರಡುವುದು. ಉತ್ತಮವಾದ ಎಸ್‌ಎಂಪಿಎಸ್ ತನ್ನ ಕೆಪ್ಯಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡುಗಳ ಕೊರತೆಯನ್ನು ತುಂಬಬಲ್ಲುದು; ಕೆಪ್ಯಾಸಿಟರ್ ಮುಪ್ಪಾದಂತೆ ಆ ತಾಳ್ಮೆಯೂ ಕುಗ್ಗುವುದು. ಮದರ್‌ಬೋರ್ಡಿನ ಕೆಪ್ಯಾಸಿಟರುಗಳನ್ನು ಬೆಳಕಿನಲ್ಲಿ ನೋಡಿದರೆ, ಕೆಟ್ಟವುಗಳ ಚಪ್ಪಟೆಯಾಗಿರಬೇಕಾದ ತಲೆ ಉಬ್ಬಿ, ಅದರ ಗೀರುಗಳಲ್ಲಿ ಕಂದು ಬಣ್ಣದ ಕಲೆ ಒಸರಿರುವುದು ಬರಿಗಣ್ಣಿಗೇ ಕಾಣುವುದು. ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಯಾರೂ ತಾವಾಗಿ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರೊಳಗೆ 300 ವೋಲ್ಟಿನಷ್ಟು ಪ್ರಾಣಾಂತಿಕವಾದ ಶಕ್ತಿ ಉಳಿದಿರಬಹುದು.

ಕರೆಂಟು ಸ್ಥಿರವಾಗಿರುವಾಗಲೂ ಯಂತ್ರ ಆರುತ್ತಿದ್ದರೆ, ತರುವಾಯದ ಸಂದೇಹ ಶಾಖ. ಬೇಸಗೆಯಲ್ಲಿ ತೋಟದ ದಾರಿಯ ಕೆಂಧೂಳು ಫ್ಯಾನಿನ ರೆಕ್ಕೆಗಳಿಗೆ ಅಂಟಿ, ಮಳೆಗಾಲದ ತೇವದಿಂದ ಗಟ್ಟಿಕಟ್ಟಿ, ಗಾಳಿಯ ಹಾದಿಯನ್ನೇ ಮುಚ್ಚಿಬಿಡುವುದು. ಆಗ ಪ್ರೊಸೆಸರು ಮಿತಿಮೀರಿ ಕಾದು ತನ್ನ ರಕ್ಷಣೆಗಾಗಿಯೇ ಆರುವುದು. ಅಂತೆಯೇ ಆರ್ದ್ರತೆಯಿಂದ ರ‍್ಯಾಮಿನ ಸಂಪರ್ಕಪಟ್ಟಿಗಳು ಮಂಕಾದರೂ ಇಂಥ ಅವಾಂತರ ಸಂಭವಿಸುವುದು. ಪ್ಲಗ್ಗು ಕಿತ್ತು, ಪಟ್ಟಿಗಳನ್ನು ಪೆನ್ಸಿಲಿನ ರಬ್ಬರಿನಿಂದ ಮೃದುವಾಗಿ ಉಜ್ಜಿ ಮರಳಿ ಕೂರಿಸಿದರೆ ಹಲವು ವೇಳೆ ಅಷ್ಟರಿಂದಲೇ ಗುಣವಾಗುವುದು.

ವಿಂಡೋಸ್ ದೋಷ ಸಂಭವಿಸಿದೊಡನೆ ಸ್ವತಃ ಪುನರಾರಂಭಗೊಳ್ಳುವಂತೆ ಏರ್ಪಾಟಾಗಿರುವುದರಿಂದ, ಕಾರಣವನ್ನು ಸೂಚಿಸುವ ದೋಷದ ಪರದೆ ಓದುವಷ್ಟರಲ್ಲಿಯೇ ಮಾಯವಾಗುವುದು. ಸಿಸ್ಟಮ್ ಸೆಟ್ಟಿಂಗ್ಸಿನಲ್ಲಿ ಆ ಏರ್ಪಾಟನ್ನು ತೆಗೆದುಹಾಕಿ ಕಾದು ನೋಡಬೇಕು. ಆ ಪರದೆ ನಿಂತರೆ, ಡ್ರೈವರ್ ಅಥವಾ ರ‍್ಯಾಮಿನ ದೋಷವಿರುವ ಸಂಭವ ಹೆಚ್ಚು. ಅದು ಕಾಣದೆ, ಈವೆಂಟ್ ವ್ಯೂವರಿನಲ್ಲಿ ಕರ್ನೆಲ್-ಪವರ್ 41 ಎಂಬ ನಮೂದು ಮಾತ್ರ ಉಳಿದಿದ್ದರೆ, ಯಂತ್ರ ಕ್ರಮವಾಗಿ ಮುಚ್ಚಲಿಲ್ಲವೆಂಬಷ್ಟೇ ಅದರ ಅರ್ಥ. ಆದರೂ ನಮೂದಿನ ವೇಳೆಯನ್ನು ದೀಪ ಮಿಣುಕಿದ ವೇಳೆಯೊಡನೆ ತಾಳೆ ನೋಡಿದವರಿಗೆ ಅರ್ಧ ಉತ್ತರ ದೊರೆತಂತೆಯೇ. ಇಷ್ಟನ್ನು ಬರೆದಿಟ್ಟುಕೊಂಡು ಹೋದರೆ ರಿಪೇರಿಯವರ ಕೆಲಸ ಎಷ್ಟೋ ಸುಲಭವಾಗುವುದು.

ಯುಪಿಎಸ್ ಇರುವವರು ಅದರ ಬ್ಯಾಟರಿ ಎರಡು ಮೂರು ವರ್ಷಗಳಲ್ಲಿ ಸೊರಗುವುದೆಂಬುದನ್ನು ಮರೆಯಬಾರದು. ಸತ್ತ ಬ್ಯಾಟರಿಯ ಯುಪಿಎಸ್ ಇದ್ದೂ ಇಲ್ಲದಂತೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಸಿಡಿಲಿನ ಆಘಾತ ಇಂಟರ್ನೆಟ್ಟಿನ ತಾಮ್ರದ ತಂತಿಯಿಂದಲೂ ಒಳನುಗ್ಗಬಲ್ಲುದಾದ್ದರಿಂದ ಅದನ್ನೂ ಕಿತ್ತಿಡುವುದು ಅವಶ್ಯ. ಮಳೆ ಹಿಡಿಯುವ ಮುನ್ನವೇ ಎಲೆಕ್ಟ್ರೀಷಿಯನ್ನರನ್ನು ಕರೆಸಿ ಮನೆಯ ಅರ್ಥಿಂಗನ್ನು ಪರೀಕ್ಷಿಸಿಕೊಳ್ಳಿ. ಲೆಕ್ಕಪತ್ರಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿ ಬೇರೆಡೆ ತೆಗೆದಿಡಿ.