ದನಿ ಜೋರಾಗಲಿ, ಒಡೆಯದಿರಲಿ

ಎಲೆಕ್ಟ್ರಿಕ್ ಗಿಟಾರ್ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಒಂದು ದೂರು ಸಾಮಾನ್ಯ. ಕೋಣೆಯಲ್ಲಿ ಗಂಟೆಯಂತೆ ತಿಳಿಯಾಗಿ ಕೇಳುವ ದನಿ, ಡ್ರಮ್ಸ್ ಜೊತೆಗೆ ನುಡಿಸಲೆಂದು ಆಂಪ್ಲಿಫೈಯರಿನ ವಾಲ್ಯೂಮ್ ಏರಿಸಿದೊಡನೆ ಕರಕರ ಎನ್ನುತ್ತದೆ. ರಾಕ್ ಸಂಗೀತದವರಿಗೆ ಆ ಕರಕರವೇ ಇಷ್ಟ. ಆದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು ಎನ್ನುವವರಿಗೆ ಅದು ತಲೆನೋವು. ಆಗ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಇನ್ನೂ ದೊಡ್ಡ ಆಂಪ್ ಕೊಳ್ಳುವುದು. ದುಡ್ಡು ಬಿಚ್ಚುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ವಾಲ್ವ್ ರೇಡಿಯೋಗಳನ್ನು ಬಿಚ್ಚಿ ಜೋಡಿಸುವುದು ನನ್ನ ಹವ್ಯಾಸ. ಹಾಕಿದ ಮೇಲೆ ಅರ್ಧ ನಿಮಿಷ ಕಾದು, ಒಳಗಿನ ಗಾಜಿನ ಬುರುಡೆಗಳು ಕೆಂಪಗೆ ಹೊಳೆದ ನಂತರವೇ ಹಾಡುತ್ತಿದ್ದ ರೇಡಿಯೋ ಹಿರಿಯರಿಗೆ ನೆನಪಿರಬೇಕು. ನಮ್ಮ ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯೂ 1960ರ ದಶಕದಲ್ಲಿ ಅಂಥ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ರೇಡಿಯೋದಿಂದ ಮರೆಯಾದ ವಾಲ್ವ್ ಗಿಟಾರ್ ಆಂಪ್‌ಗಳಲ್ಲಿ ಇಂದಿಗೂ ಬದುಕಿದೆ. ಅಲ್ಲಿ ಅದಕ್ಕೆ ಟ್ಯೂಬ್ ಎಂದು ಹೆಸರು.

ದನಿ ಒಡೆಯುವುದು ಏಕೆ? ಖಾತೆಯಲ್ಲಿ ಸಾವಿರ ರೂಪಾಯಿ ಇದ್ದು, ಸಾವಿರದೈನೂರರ ಚೆಕ್ ಬಂದರೆ ಬ್ಯಾಂಕು ಅದನ್ನು ಹಿಂದಿರುಗಿಸುತ್ತದೆ. ವಾಲ್ವ್ ಹಿಂದಿರುಗಿಸುವುದಿಲ್ಲ. ಇರುವ ಸಾವಿರವನ್ನು ಕೊಟ್ಟು, ಉಳಿದ ಐನೂರನ್ನು ಕತ್ತರಿಸಿಬಿಡುತ್ತದೆ. ತಂತಿಯನ್ನು ಜೋರಾಗಿ ಮೀಟಿದ ಕ್ಷಣದಲ್ಲಿ ಅಲೆಯ ನೆತ್ತಿ ಹೀಗೆ ಚಪ್ಪಟೆಯಾಗುತ್ತದೆ. ನಮ್ಮ ಕಿವಿಗೆ ಕೇಳುವ ಕರಕರ ಅದೇ. ಆದ್ದರಿಂದ ತಿಳಿಯಾದ ದನಿಯ ಗುಟ್ಟು ಒಂದೇ: ಖಾತೆಯಲ್ಲಿ ಯಾವಾಗಲೂ ಖರ್ಚಿಗಿಂತ ಹೆಚ್ಚು ಶಿಲ್ಕು ಇರಬೇಕು.

ಈ ಶಿಲ್ಕಿನ ಮರ್ಮ ಹಿಡಿದವರಲ್ಲಿ ಅಮೆರಿಕದ ಲಿಯೋ ಫೆಂಡರ್ ಪ್ರಮುಖರು. ಅವರು ಓದಿದ್ದು ಲೆಕ್ಕಶಾಸ್ತ್ರ, ಮಾಡಿದ್ದು ಲೆಕ್ಕ ಬರೆಯುವ ಕೆಲಸ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ಜಗತ್ತಿಗೆಲ್ಲ ಗಿಟಾರ್ ಮಾಡಿಕೊಟ್ಟ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಡಿಕ್ ಡೇಲ್ ಎಂಬ ಗಿಟಾರ್ ವಾದಕ ದೊಡ್ಡ ನೃತ್ಯಶಾಲೆಗಳಲ್ಲಿ ನುಡಿಸುವ ಭರಕ್ಕೆ ಆಂಪ್‌ಗಳೂ ಸ್ಪೀಕರ್‌ಗಳೂ ಸುಟ್ಟುಹೋಗುತ್ತಿದ್ದವು. ಅವನಿಗಾಗಿ ಫೆಂಡರ್ ಹೆಚ್ಚು ಶಕ್ತಿಯ ಟ್ರಾನ್ಸ್‌ಫಾರ್ಮರ್, ಹೆಚ್ಚು ಗಟ್ಟಿಯಾದ ಸ್ಪೀಕರ್ ಹುಡುಕಿದರು. 1963ರಲ್ಲಿ ಬಂದ ಅವರ ಕಂಪನಿಯ 'ಟ್ವಿನ್ ರಿವರ್ಬ್' ಜೋರಾದ ತಿಳಿ ದನಿಗೆ ಇಂದಿಗೂ ಮಾದರಿ. ಅದರಲ್ಲಿ ನಾಲ್ಕು ಪವರ್ ವಾಲ್ವ್, 12 ಇಂಚಿನ ಎರಡು ಸ್ಪೀಕರ್, 85 ವಾಟ್ ಶಕ್ತಿ.

ನನ್ನ ಮೊಮ್ಮಗನ ಬಳಿ ಇರುವುದು 15 ವಾಟ್‌ನ ವಾಲ್ವ್ ಆಂಪ್. ಕಾಲೇಜಿನ ಉತ್ಸವ ಹತ್ತಿರ ಬಂದಾಗ 30 ವಾಟ್‌ನದು ಬೇಕೆಂದು ಹಟ ಹಿಡಿದ. ಅದರ ಬೆಲೆ ಅವನ ತಂಗಿಯ ಒಂದು ವರ್ಷದ ಶಾಲಾ ಶುಲ್ಕದಷ್ಟಿತ್ತು. ಮಗಳು ಸುಮ್ಮನೆ ನನ್ನ ಮುಖ ನೋಡಿದಳು.

"ತಾತ, ಮೂವತ್ತು ವಾಟ್ ಅಂದ್ರೆ ಎರಡರಷ್ಟು ಜೋರು ಅಲ್ವಾ?" ಎಂದ ಹುಡುಗ.

"ಅಲ್ಲಪ್ಪ, ಕಿವಿಯ ಲೆಕ್ಕವೇ ಬೇರೆ" ಎಂದೆ.

ವಾಟ್ ಎರಡರಷ್ಟಾದರೆ ಶಬ್ದ ಏರುವುದು ಕೇವಲ 3 ಡೆಸಿಬಲ್. ಅದು ಕಿವಿಗೆ 'ಸ್ವಲ್ಪ ಹೆಚ್ಚಾಯಿತು' ಅನ್ನಿಸುವಷ್ಟು ಮಾತ್ರ. ಎರಡರಷ್ಟು ಜೋರು ಅನ್ನಿಸಲು 10 ಡೆಸಿಬಲ್ ಬೇಕು, ಅಂದರೆ ಹತ್ತರಷ್ಟು ಶಕ್ತಿ. 15ರ ಬದಲು 150 ವಾಟ್! ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಹುಡುಗ ತಣ್ಣಗಾದ. ಇರುವ ಆಂಪ್‌ನಲ್ಲೇ ಶಿಲ್ಕು ಹೆಚ್ಚಿಸಲು ನಾವಿಬ್ಬರೂ ಕುಳಿತೆವು. ನಾವು ಮಾಡಿದ್ದು ಇಷ್ಟು:

ಮೊದಲು ಬಾಸ್ ನಾಬ್ ಇಳಿಸಿದೆವು. ಆಂಪ್‌ನ ಶಕ್ತಿಯನ್ನು ಹೆಚ್ಚು ನುಂಗುವುದು ತಗ್ಗಿನ ಸ್ವರಗಳು. ತಂಡದಲ್ಲಿ ಬಾಸ್ ಗಿಟಾರ್ ಇದ್ದೇ ಇರುತ್ತದೆ, ಆ ಕೆಲಸ ಅವರು ನೋಡಿಕೊಳ್ಳಲಿ.

ಎರಡನೆಯದು, ಗೇನ್ ಕಡಿಮೆ, ಮಾಸ್ಟರ್ ಹೆಚ್ಚು. ಗೇನ್ ಏರಿಸಿದರೆ ಮೊದಲ ವಾಲ್ವ್‌ನ ಹಂತದಲ್ಲೇ ದನಿ ಒಡೆಯುತ್ತದೆ. ಅಲ್ಲಿ ಒಡೆದದ್ದನ್ನು ಮುಂದಿನವರು ಕೂಡಿಸಲಾರರು.

ಮೂರನೆಯದು, ಆ ಮೊದಲ ವಾಲ್ವ್ ಬದಲಿಸಿದೆವು. ಸಾಮಾನ್ಯವಾಗಿ ಇರುವ 12ಎಎಕ್ಸ್7 ವಾಲ್ವ್‌ನ ವರ್ಧನಾಂಕ 100. ಅದೇ ಸಾಕೆಟ್ಟಿನಲ್ಲಿ ಕೂರುವ 12ಎಟಿ7 ವಾಲ್ವ್‌ನದು 60. ದನಿ ತುಸು ಸೌಮ್ಯವಾಗುತ್ತದೆ, ಬೇಗ ಒಡೆಯುವುದಿಲ್ಲ.

ನಾಲ್ಕನೆಯದೇ ನಿಜವಾದ ಲಾಭ: ಸ್ಪೀಕರ್. ಸ್ಪೀಕರಿನ ವಿವರದಲ್ಲಿ ಅದರ ಸೂಕ್ಷ್ಮತೆಯನ್ನು ಡೆಸಿಬಲ್‌ನಲ್ಲಿ ಬರೆದಿರುತ್ತಾರೆ. 97 ಇರುವುದನ್ನು ತೆಗೆದು 100 ಇರುವುದನ್ನು ಹಾಕಿದರೆ ವಾಟ್ ಎರಡರಷ್ಟಾದಂತೆಯೇ ಲೆಕ್ಕ. ಖರ್ಚು ಮಾತ್ರ ಹೊಸ ಆಂಪ್‌ಗಿಂತ ಎಷ್ಟೋ ಕಡಿಮೆ. ಹೊಸ ಸ್ಪೀಕರಿನ ಓಮ್ ಹಳೆಯದರಷ್ಟೇ ಇರಬೇಕು. ಆಂಪ್‌ನ ಶಕ್ತಿಯನ್ನು ತಡೆದುಕೊಳ್ಳುವ ಗಟ್ಟಿತನವೂ ಬೇಕು.

ಕೊನೆಗೆ ಆಂಪ್ ಅನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲೆ, ನುಡಿಸುವವನ ಕಿವಿಯತ್ತ ತಿರುಗಿಸಿ ಇಟ್ಟೆವು. ನೆಲದಲ್ಲಿದ್ದಾಗ ಸ್ಪಷ್ಟ ದನಿಯೆಲ್ಲ ಅವನ ಮೊಣಕಾಲಿಗೆ ಹೋಗುತ್ತಿತ್ತು! ಉತ್ಸವದ ದಿನ ಆಂಪ್‌ನ ಮುಂದೆ ಒಂದು ಮೈಕ್ ಇಟ್ಟರು. ಸಭಾಂಗಣ ತುಂಬಿಸುವ ಹೊಣೆ ಅಲ್ಲಿನ ದೊಡ್ಡ ಸ್ಪೀಕರ್‌ಗಳದ್ದಾಯಿತು. 15 ವಾಟ್ ಧಾರಾಳವಾಗಿ ಸಾಕಾಯಿತು. ತಂಗಿಯ ಶುಲ್ಕವೂ ಸಮಯಕ್ಕೆ ಸಂದಿತು.

ಮಕ್ಕಳೇ, ಎರಡು ಎಚ್ಚರಿಕೆಯ ಮಾತು. ವಾಲ್ವ್ ಆಂಪ್‌ನ ಒಳಗೆ ನೂರಾರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಆ ವಿದ್ಯುತ್ ಉಳಿದಿರುತ್ತದೆ, ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಬಿಚ್ಚುವ ಕೆಲಸ ತಿಳಿದವರದು, ನಿಮ್ಮದಲ್ಲ. ಸ್ಪೀಕರ್ ಜೋಡಿಸದೆ ಆಂಪ್ ಹಾಕಲೂ ಬೇಡಿ, ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಇನ್ನೊಂದು, ಕಿವಿಯ ಖಾತೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ ಮಾತ್ರ. ವಾಟ್ ಎರಡರಷ್ಟು ಮಾಡಿದಾಗ ದನಿಗೆ ಬರುವುದು ಆ 3 ಡೆಸಿಬಲ್, ಕಿವಿಯ ಸಮಯದಲ್ಲಿ ಹೋಗುವುದು ಅರ್ಧ. ಸುಟ್ಟ ವಾಲ್ವ್ ಬದಲಿಸಬಹುದು. ಹೋದ ಕಿವಿ ಮರಳಿ ಬರುವುದಿಲ್ಲ. ಅಭ್ಯಾಸಕ್ಕೆ ಕೂರುವಾಗ ಕಿವಿಗೆ ಇಯರ್‌ಪ್ಲಗ್ ಇರಲಿ.